ಪರದೆಯ ಮೇಲೆ ಬೊನಿಫಾಸ್

ಅಲ್ ಹೈಲ್, ಮಸ್ಕತ್
೧೪ ನವೆಂಬರ್ ೨೦೨೫

ಪ್ರೀತಿಯ ಐಡಾ,

ಚೆನ್ನಾಗಿದ್ದೀ ಎಂದುಕೊಂಡಿದ್ದೇನೆ. ನಿನ್ನ ಮೆಸೇಜುಗಳಿಗೆ ಉತ್ತರ ಕೊಡಲಿಲ್ಲ, ತಪ್ಪು ತಿಳಿಯಬೇಡ. ನಿನ್ನ ಮನೆಯಿರುವ ವಾದಿ ಕಬೀರ್ ಏನು ಮಹಾ ದೂರ, ಬಂದೇ ಮಾತಾಡಬಹುದಿತ್ತು. ಆದರೆ ನಿನ್ನೆದುರು ನಿಂತರೆ ಮಾತು ಮುಗಿಸದೆ ಹೊರಟುಬಿಡುತ್ತೇನೆ. ಬರೆಯುವುದಾದರೆ ನಡುವೆ ಎದ್ದು ಮುಖ ತೊಳೆದು ಬರಬಹುದು.

ಸಾರಾಳಿಗೆ ಜ್ವರ ಬಿಟ್ಟಿದೆ. ಕ್ಲಿನಿಕ್ಕಿನಲ್ಲಿ ನನ್ನ ಡ್ಯೂಟಿ ಬೆಳಗ್ಗೆಗೆ ಬದಲಾಗಿದೆ. ಮನೆಯ ಸುದ್ದಿ ಇಷ್ಟೇ.

ನಿನ್ನ ಭಾಷಣ ಚೆನ್ನಾಗಿತ್ತು, ಸುಳ್ಳು ಹೇಳುತ್ತಿಲ್ಲ. ಕ್ಯಾಮೆರಾ ಬಂದ ಮೇಲೆ ಯುರೋಪಿನ ಚಿತ್ರಕಾರರು ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ಬಿಟ್ಟು ಬೆಳಕಿನ ಹಿಂದೆ ಹೋದದ್ದು, ಆಮೇಲೆ ಮುಖವನ್ನೇ ಒಡೆದು ಚೂರುಗಳನ್ನು ಜೋಡಿಸಿದ್ದು, ಅಮೆರಿಕದವರು ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ಬಣ್ಣ ಸುರಿದದ್ದು, ಎಲ್ಲವನ್ನೂ ಸಂಘದ ಹಾಲಿನಲ್ಲಿ ಕುಳಿತು ಮೈಮರೆತು ಕೇಳಿದೆ. ಆ ಒಡೆದ ಮುಖಗಳು ನನಗೂ ಹಿಡಿಸಿದವು. ಯಾರ ಮುಖವಾದರೂ ಒಂದೇ ಸಲಕ್ಕೆ ಪೂರ್ತಿ ಎಲ್ಲಿ ಕಾಣುತ್ತದೆ ಅನ್ನಿಸಿತು.

ಆಮೇಲೆ, "ಬದಲಾಗದೆ ಉಳಿದವರು ಈಗ್ಲೂ ಹೀಗೆ ಬರೀತಾರೆ" ಎಂದು ನೀನು ಪರದೆಯ ಮೇಲೆ ಇನ್ನೊಂದು ಚಿತ್ರ ಹಾಕಿದೆ. ಬೊನಿಫಾಸ್. ನಾನು ಬರೆದ ನನ್ನ ಗಂಡ. ಅವನು ತೀರಿಕೊಂಡು ವರ್ಷವಾಗುವಾಗ ಇಗರ್ಜಿಯಲ್ಲಿ ಇಡಿಸುವ ಪೂಜೆಗೆ ಕಾರ್ಡ್ ಮಾಡಿಸುತ್ತೇನೆಂದು ನೀನು ಮೊಬೈಲಿನಲ್ಲಿ ತೆಗೆದುಕೊಂಡು ಹೋದ ಚಿತ್ರ.

ಪಕ್ಕದಲ್ಲಿದ್ದ ಬೆಂಗಳೂರಿನ ಶೈಲೇಶ್ ನನ್ನತ್ತ ಬಾಗಿ, "ಪಾಸ್‌ಪೋರ್ಟ್ ಫೋಟೋ ಥರ ಇದೆ ಅಲ್ವಾ ಮೇಡಂ?" ಎಂದು ನಕ್ಕರು. ಪಾಪ, ಅವರಿಗೇನು ಗೊತ್ತು. ನೀನೂ ನಗುತ್ತಲೇ ಹೇಳಿದೆ: "ಎದುರಿಗೆ ಇದ್ದದ್ದನ್ನು ನಕಲು ಮಾಡಿದ್ದು, ಅಷ್ಟೆ. ಇದರಲ್ಲಿ ಬರೆದವರು ಎಲ್ಲಿದ್ದಾರೆ?" ಹಾಲ್ ತುಂಬ ನಗು. ಸಾರಾ ಕುರ್ಚಿಯಿಂದ ಇಳಿದು ನಿಂತು, "ಮಮ್ಮಾ, ದಟ್ಸ್ ಡ್ಯಾಡಾ!" ಎಂದಳು. ನಗು ನಿಂತಿತು. ನೀನು ಮುಂದಿನ ಚಿತ್ರಕ್ಕೆ ಹೋದೆ.

ಚಹಾದ ಹೊತ್ತಿಗೆ ನೀನು ಬಂದು ನನ್ನ ಕೈ ಹಿಡಿದೆ. "ಬೇಜಾರಾಯ್ತಾ ಮಾರಾಯ್ತಿ? ನಾನು ಹೆಸರು ಹೇಳ್ಲಿಕ್ಕೆ ಹೋಗ್ಲಿಲ್ಲ ಅಲ್ವಾ? ಉದಾಹರಣೆಗೆ ಒಂದು ಬೇಕಿತ್ತು." ನಾನು ಕೈ ಬಿಡಿಸಿಕೊಂಡು ಹೊರಟೆ. ಕಾರಿನಲ್ಲಿ ಸಾರಾ, "ಐಡಾ ಆಂಟಿ ಡಿಡಂಟ್ ಲೈಕ್ ಡ್ಯಾಡಾ?" ಎಂದು ಕೇಳಿದಳು.

ಶುಕ್ರವಾರದ ಮಕ್ಕಳ ಚಿತ್ರಕಲೆ ಕ್ಲಾಸಿಗೆ ಇನ್ನು ನಾನು ಬರುವುದಿಲ್ಲ. ಇಬ್ಬರೂ ಸೇರಿ ಶುರು ಮಾಡಿದ್ದು, ನೀನೇ ನಡೆಸು. ಪೂಜೆಗೂ ಬರಬೇಡ. ಕಾರ್ಡನ್ನು ಬೇರೆಯವರಿಂದ ಮಾಡಿಸಿದ್ದೇನೆ.

ಇಷ್ಟಾದರೂ ನಿನಗೆ ಕೆಟ್ಟದ್ದು ಬಯಸಲು ನನ್ನಿಂದಾಗದು. ದೇವರು ನಿನ್ನ ಕೈಗೆ ಒಳ್ಳೆಯ ಕೆಲಸ ಕೊಡಲಿ.

ನಿನ್ನ
ಜೊವಿಟಾ

ತಾ.ಕ.: ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ. ಆ ಚಿತ್ರಕ್ಕೆ ಕುಳಿತಾಗ ಬೊನಿಫಾಸನಿಗೆ ಕೂದಲಿರಲಿಲ್ಲ, ಹುಬ್ಬಿರಲಿಲ್ಲ. ಔಷಧಿಗೆ ಮುಖ ಊದಿತ್ತು, ಕತ್ತು ನಿಲ್ಲುತ್ತಿರಲಿಲ್ಲ. ಕುರ್ಚಿಯ ಹಿಂದೆ ನಿಂತು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡವಳು ನೀನು. ಆ ಗುಂಗುರು ಕೂದಲು, ಆ ನಗು, ನಾನು ಬರೆದದ್ದು ಯಾವುದೂ ಎದುರಿಗೆ ಇರಲಿಲ್ಲ ಐಡಾ. ಅದು ಗೊತ್ತಿದ್ದದ್ದು ನಿನಗೊಬ್ಬಳಿಗೇ.