ಒಲೆಗೆ ಸಾಕು ಎನ್ನುವವರು

ಅಂಗಡಿಯ ಮೇಲಿನ ಮನೆ,
ಮಾರ್ಚ್ ೧೧, ಮಂಗಳವಾರ ಬೆಳಿಗ್ಗೆ

ರೀ,

‘ಪ್ರೀತಿಯ ಯಜಮಾನರಿಗೆ’ ಎಂದು ಶುರು ಮಾಡಲು ಹೋದೆ, ಕೈ ಏಳಲಿಲ್ಲ. ಇಷ್ಟು ವರ್ಷ ‘ರೀ’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದವಳು ಕಾಗದ ಕಂಡ ತಕ್ಷಣ ಹೊಸ ಹೆಂಡತಿಯ ಹಾಗೆ ನಾಚಿಕೊಂಡರೆ ನೀವೇ ನಗುತ್ತೀರಿ. ಆದ್ದರಿಂದ, ರೀ, ಹೇಗಿದ್ದೀರಿ? ಕೆಮ್ಮು ಎಷ್ಟು ಇಳಿದಿದೆ? ಬೆಳಿಗ್ಗೆ ಎದ್ದ ಕೂಡಲೇ ಬರುತ್ತಿದ್ದ ಆ ಉದ್ದನೆಯ ಕೆಮ್ಮು ಈಗಲೂ ಬರುತ್ತದೆಯೇ, ಇಲ್ಲಾ ನಿಮ್ಮ ಅಕ್ಕನಿಗೆ ಹೆದರಿ ಅದೂ ಬಾಯಿ ಮುಚ್ಚಿಕೊಂಡಿದೆಯೇ? ಬಾಯಿಗೆ ಹಿಡಿದು ಎಳೆದುಕೊಳ್ಳುವ ಔಷಧಿಯನ್ನು ತಪ್ಪಿಸಬೇಡಿ. ಮಲಗುವಾಗ ತಲೆಯಡಿಗೆ ಇನ್ನೊಂದು ದಿಂಬು ಇಟ್ಟುಕೊಳ್ಳಿ. ಅಕ್ಕ ಫೋನಿನಲ್ಲಿ ನಿಮ್ಮ ಗುಟ್ಟೊಂದನ್ನು ಬಿಚ್ಚಿದರು. ಬಟ್ಟೆ ಬ್ಯಾಗಿನ ತಳದಲ್ಲಿ ಊದುಗೊಳವೆ ಬಚ್ಚಿಟ್ಟುಕೊಂಡು ಹೋಗಿದ್ದೀರಂತೆ. ಅವರ ಮನೆಯಲ್ಲಿ ಇರುವುದು ಗ್ಯಾಸ್ ಒಲೆ, ಅದಕ್ಕೆ ಏನನ್ನು ಊದುತ್ತೀರಿ ಹೇಳಿ? ಸಂಜೆಯಾದರೆ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂರುತ್ತೀರಂತೆ. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಫೋನು ಇಟ್ಟ ಮೇಲೆ ಅಷ್ಟೇನೂ ನಗು ಬರಲಿಲ್ಲ.

ನಿಮ್ಮ ಕಾಗದ ತಲುಪಿತು. ಕಾಗದವೇನು ಬಂತು, ಎರಡು ಸಾಲು. ‘ಅಂಗಡಿಗೆ ಮಷಿನ್ನು ಬಂದಿದೆಯಂತೆ, ಒಲೆ ಚೆನ್ನಾಗಿ ಹತ್ತುತ್ತದಂತೆ. ಇನ್ನು ನಾನು ಬಂದು ಮಾಡುವುದೇನಿದೆ, ಇಲ್ಲೇ ಅಕ್ಕನ ಜೊತೆ ಇದ್ದುಬಿಡುತ್ತೇನೆ.’ ಓದಿ ಮೈಯೆಲ್ಲ ಉರಿದುಹೋಯಿತು. ಇದ್ದುಬಿಡುತ್ತಾರಂತೆ! ನಾನೇನು ಒಲೆಗೆ ಹೆಂಡತಿಯಾಗಿ ಬಂದವಳೇ, ಒಲೆಗೆ ಬೇರೆ ಗತಿಯಾಯಿತೆಂದು ನನ್ನನ್ನೂ ಬಿಟ್ಟು ಕೂರಲು? ಫೋನಿನಲ್ಲೇ ಜಾಡಿಸೋಣವೆಂದರೆ, ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ಕೆಮ್ಮು ಬಂತೆಂದು ಅಕ್ಕನ ಕೈಗೆ ಫೋನು ಕೊಟ್ಟು ಜಾರಿಕೊಳ್ಳುತ್ತೀರಿ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ. ಮುಖ ಊದಿಸಿಕೊಳ್ಳದೆ ಕೊನೆಯವರೆಗೂ ಓದಿ. ಮಗ ನಿಮಗೆ ಅರ್ಧ ಕಥೆ ಮಾತ್ರ ಹೇಳಿದ್ದಾನೆ. ಅವನು ವ್ಯಾನು ಓಡಿಸುವಾಗ ಎಷ್ಟು ಅವಸರವೋ ಮಾತಿನಲ್ಲೂ ಅಷ್ಟೇ ಅವಸರ, ನಿಮಗೆ ಗೊತ್ತಿಲ್ಲವೇ.

ನೀವು ಆವತ್ತು ಊದುತ್ತ ಊದುತ್ತ ಉಸಿರು ಸಾಲದೆ ಇದ್ದಿಲಿನ ಮೂಟೆಯ ಮೇಲೆ ಕುಸಿದು ಕೂತಿರಲ್ಲ, ಡಾಕ್ಟರು ‘ಇನ್ನು ಊದೋದೂ ಬೇಡ, ಹೊಗೆ ಕುಡಿಯೋದೂ ಬೇಡ’ ಎಂದು ಕಡ್ಡಿ ಮುರಿದ ಹಾಗೆ ಹೇಳಿ ನಿಮ್ಮನ್ನು ಅಕ್ಕನ ಮನೆಗೆ ಕಳಿಸಿದರಲ್ಲ, ಅದಾದ ಮೇಲೆ ಕೋಳಿ, ಮೀನು ಸುಡುವ ನಮ್ಮ ಅಂಗಡಿ ಕೆಲವು ದಿನ ಮುಚ್ಚಿಯೇ ಇತ್ತು. ಆಮೇಲೆ ಧೈರ್ಯ ಮಾಡಿ ತೆರೆದೆವು. ಅಯ್ಯೋ, ಆ ಸಂಜೆಯ ಪಾಡು ಕೇಳಬೇಡಿ. ಮಗ ರಟ್ಟಿನ ತುಂಡು ಹಿಡಿದು ಬೀಸಿದ್ದೇ ಬೀಸಿದ್ದು. ನಾನು ಬಗ್ಗಿ ಬಾಯಲ್ಲೇ ಊದಿದೆ. ಕಣ್ಣು ಮೂಗು ಎಲ್ಲ ಸುರಿಯಿತೇ ಹೊರತು ಇದ್ದಿಲು ಮಾತ್ರ ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಒಂದು ಮೂಲೆ ಹತ್ತಿದರೆ ಇನ್ನೊಂದು ಮೂಲೆ ಆರುತ್ತಿತ್ತು. ಹಿಂದಿನ ದಿನವೇ ಮಸಾಲೆ ಹಚ್ಚಿಟ್ಟ ಕೋಳಿ ಪಾತ್ರೆಯಲ್ಲೇ ಉಳಿಯಿತು. ಬಂದ ಗಿರಾಕಿಗಳು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ಹಿಂದಿರುಗಿದರು. ಇಷ್ಟು ವರ್ಷ ನೀವು ಸ್ಟೂಲಿನ ಮೇಲೆ ಕೂತು ಕೊಳವೆ ಹಿಡಿದು ಏನೋ ಆಟದ ಹಾಗೆ ಮಾಡುತ್ತಿದ್ದುದನ್ನು ನಾನು ಕೆಲಸವೆಂದೇ ಎಣಿಸಿರಲಿಲ್ಲ ನೋಡಿ. ನಿಜವಾದ ಕೆಲಸವೆಲ್ಲ ನನ್ನ ಮಸಾಲೆಯದು ಅಂದುಕೊಂಡಿದ್ದೆ. ಆವತ್ತು ಹೊಗೆಯಲ್ಲಿ ನಿಂತು, ಎಲಾ ಇವರ, ಇದೆಂಥ ವಿದ್ಯೆ ಇವರದು ಎಂದು ಮನಸ್ಸಿನಲ್ಲೇ ನಿಮಗೆ ಕೈ ಮುಗಿದೆ.

ಅಷ್ಟರಲ್ಲಿ ಎದುರಿನ ಪಾರ್ಲರಿನಿಂದ ನಮ್ಮ ಸೊಸೆ ಬಂದಳು. ಯಾರದೋ ಕೂದಲು ಕತ್ತರಿಸುತ್ತಿದ್ದವಳು ನಮ್ಮ ಹೊಗೆ ನೋಡಿ, ಆ ಹೆಂಗಸಿನ ತಲೆಯನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದಿದ್ದಾಳೆ. ಕೈಯಲ್ಲಿ ಕೂದಲು ಒಣಗಿಸುವ ಮಷಿನ್ನು! ‘ಪಕ್ಕಕ್ಕೆ ಸರೀರಿ ಅತ್ತೆ, ಮಾವ ಕೆಂಡಕ್ಕೆ ಊದೋದು, ನಾನು ಕೂದಲಿಗೆ ಊದೋದು, ಇಬ್ಬರದೂ ಒಂದೇ ಕಸುಬು’ ಎಂದಳು. ನನಗೆ ಆ ಪರಿಸ್ಥಿತಿಯಲ್ಲೂ ನಗು. ಮಷಿನ್ನು ಹಾಕಿ ಹಿಡಿದಳು ನೋಡಿ, ಸತ್ತೇಹೋಗಿದ್ದ ಇದ್ದಿಲು ಚಟಚಟ ಎಂದು ಎದ್ದು ಕೂತಿತು. ನಾನು ಮೈಮರೆತು ಚಪ್ಪಾಳೆ ತಟ್ಟಿದೆ. ಆದರೆ ಮೊದಲ ಕೋಳಿ ಬೆಂದು ಬಡಿಸುವ ಹೊತ್ತಿಗೆ ಕೆಂಡ ಮತ್ತೆ ಮಂಕಾಯಿತು. ಇವಳಿಗೆ ಹುರುಪು ಬೇರೆ ಏರಿತ್ತು. ಮೇಲಿನಿಂದ, ಪೂರ್ತಿ ಜೋರಿನಲ್ಲಿ ಗಾಳಿ ಬಿಟ್ಟೇಬಿಟ್ಟಳು. ಒಲೆಯ ಬೂದಿಯೆಲ್ಲ ಒಮ್ಮೆಗೇ ಎದ್ದು, ಮುಂದಿನ ಮೇಜಿನಲ್ಲಿ ಕೂತಿದ್ದ ನಮ್ಮ ಉಪ್ಪುಕಮ್ಮಿಯ ಮೇಲೆ ಇಳಿಯಿತು. ದಿನಾ ಬಂದು, ದಿನಾ ತಿಂದು, ದಿನಾ ‘ಉಪ್ಪು ಕಮ್ಮಿ’ ಎಂದು ಹೇಳಿ ಹೋಗುತ್ತಾರಲ್ಲ, ಅವರೇ. ತಲೆ, ಹುಬ್ಬು, ಮೀಸೆ, ತಟ್ಟೆ ಎಲ್ಲ ಬೆಳ್ಳಗೆ. ಇನ್ನು ನಮ್ಮ ಕಥೆ ಮುಗಿಯಿತು ಅಂದುಕೊಂಡೆ. ಅವರು ಹುಬ್ಬು ಕೊಡವಿಕೊಂಡು, ತುಂಡಿನ ಬೂದಿ ಒರೆಸಿ, ಬಾಯಿಗಿಟ್ಟು, ‘ಉಪ್ಪು ಕಮ್ಮಿ’ ಎಂದರು. ರೀ, ಆ ಮಾತು ಕೇಳಿ ನನಗೆ ಹೋದ ಜೀವ ಬಂತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ಬಿಡುತ್ತಿದ್ದರು. ನಮ್ಮವಳು ಬಿಡುವವಳೇ? ಮಾರನೆಯ ದಿನ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದಳು. ‘ಕೂದಲಿಗೆ ಮೇಲಿಂದ ಗಾಳಿ ಬಿಟ್ರೆ ಹಾರುತ್ತೆ, ಬುಡದಿಂದ ಬಿಟ್ರೆ ನಿಲ್ಲುತ್ತೆ ಅತ್ತೆ. ಇದಕ್ಕೂ ಬುಡದಿಂದಲೇ ಕೊಡಬೇಕು’ ಎಂದಳು. ಅವಳ ಮಷಿನ್ನಿನ ಮೂತಿ ಆಗಲೇ ಕಾವಿಗೆ ಕರಗಿ ಸೊಟ್ಟಗಾಗಿತ್ತು. ಹಳೆ ಸಾಮಾನಿನ ಅಂಗಡಿಗೆ ಹೋಗಿ ಗಾಳಿ ಊದುವ ಪುಟ್ಟ ಬ್ಲೋವರ್ ಹುಡುಕಿ ತಂದಳು. ತಗಡಿನ ಕೆಲಸದವನ ಪಕ್ಕದಲ್ಲೇ ನಿಂತು, ಕಬ್ಬಿಣದ ಕೊಳವೆಗೆ ಸಾಲಾಗಿ ತೂತು ಹೊಡೆಸಿ, ಅದನ್ನು ಒಲೆಯ ತಳದಲ್ಲಿ ಉದ್ದಕ್ಕೂ ಕೂರಿಸಿದಳು. ಹೊಗೆ ಮನೆಗೆ ಏರದ ಹಾಗೆ ಅವನಿಂದಲೇ ಚಿಮಣಿಯನ್ನೂ ಮಾಡಿಸಿದಳು. ಗಾಳಿ ಹೆಚ್ಚು ಕಡಿಮೆ ಮಾಡಲು ನಮ್ಮ ಕೋಣೆಯ ಫ್ಯಾನಿನ ರೆಗ್ಯುಲೇಟರನ್ನೇ ಕಿತ್ತುಕೊಂಡು ಹೋದಳು. ಈಗ ನಾನು ಸೆಕೆಯಲ್ಲಿ ಮಲಗುತ್ತಿದ್ದೇನೆ, ಒಲೆ ಹಾಯಾಗಿ ಗಾಳಿ ತೆಗೆದುಕೊಳ್ಳುತ್ತಿದೆ.

ಅವಳು ಹೊತ್ತಿಸುವುದನ್ನು ನೀವು ನೋಡಬೇಕು. ಮೊದಲು ಒಂದು ಮೂಲೆಯಲ್ಲಿ ಸಣ್ಣ ಕಿಡಿ ಮಾಡಿಕೊಂಡು, ಮಗುವಿನ ತಲೆಗೆ ಹಿಡಿಯುವ ಹಾಗೆ ಮೆಲ್ಲಗೆ ಗಾಳಿ ಕೊಡುತ್ತಾಳೆ. ಕೆಂಪು ಒಂದು ಇದ್ದಿಲಿನಿಂದ ಇನ್ನೊಂದಕ್ಕೆ ದಾಟುತ್ತದೆ. ಆಮೇಲೆ ರೆಗ್ಯುಲೇಟರಿನ ಗುಂಡಿಯನ್ನು ಒಂದಿಷ್ಟು ತಿರುಗಿಸುತ್ತಾಳೆ. ಸೆರಗು ಸೊಂಟಕ್ಕೆ, ಜಡೆ ಬಟ್ಟೆಯೊಳಗೆ, ಕಣ್ಣು ಒಲೆಯ ಮೇಲೆ. ಆ ಹೊತ್ತಿನಲ್ಲಿ ಮಾತಾಡಿಸಿದರೆ ಗಂಡನಿಗೂ ಉತ್ತರವಿಲ್ಲ, ಅತ್ತೆಗೂ ಉತ್ತರವಿಲ್ಲ, ಥೇಟ್ ನಿಮ್ಮ ಹಾಗೆ. ನೀವು ಊದುವಾಗ ಬೀದಿಯ ತುದಿಯವರೆಗೆ ಹೋಗುತ್ತಿದ್ದ ಹೊಗೆ ಈಗ ಪಕ್ಕದ ದರ್ಜಿಯ ಬಾಗಿಲನ್ನೂ ಮುಟ್ಟುವುದಿಲ್ಲ. ನಾನು ಈರುಳ್ಳಿ ಹೆಚ್ಚಿ ಮುಗಿಸುವಷ್ಟರಲ್ಲಿ ಒಲೆ ತಯಾರು. ಹೊಟ್ಟೆಕಿಚ್ಚು ಪಡಬೇಡಿ. ನಮ್ಮ ಮನೆಗೆ ಬಂದ ಹೆಣ್ಣುಮಗಳು, ಹೊಗಳುವುದಕ್ಕೆ ನನಗೇನು ಬಾಯಿ ನೋವೇ? ಬೀದಿಯವರೆಲ್ಲ ಹೊಗಳುತ್ತಾರೆ, ನಾನು ಅವರಿಗಿಂತ ಒಂದು ಕೈ ಹೆಚ್ಚು ಹೊಗಳುತ್ತೇನೆ.

ಮಗ ನಿಮಗೆ ಹೇಳಿದ್ದು ಇಲ್ಲಿಯವರೆಗೆ. ಇನ್ನು ಅವನು ಹೇಳದೆ ಬಿಟ್ಟ ಅರ್ಧ ಕೇಳಿ. ಒಲೆ ಹತ್ತುವುದೇನೋ ಹತ್ತುತ್ತದೆ, ನಿಲ್ಲಿಸುವುದು ಯಾವಾಗ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನೀವು ಬಾಯಲ್ಲಿ ಊದುವಾಗ ಬೆಂಕಿ ನಿಧಾನವಾಗಿ ಬರುತ್ತಿತ್ತು. ಉರಿ ಅಡಗಿ, ಕೆಂಡದ ಮೇಲೆ ತೆಳ್ಳಗೆ ಬೂದು ಪೊರೆ ಕಟ್ಟುವುದನ್ನು ಕಾದು ನೋಡಿ ‘ಸಾಕು’ ಎನ್ನುತ್ತಿದ್ದಿರಿ. ಆ ಮಾತು ಬಿದ್ದ ಮೇಲೆಯೇ ನಾನು ಕೋಳಿ ಇಡುತ್ತಿದ್ದೆ. ಈ ಬ್ಲೋವರಿಗೆ ನಿಮ್ಮ ತಾಳ್ಮೆ ಎಲ್ಲಿಂದ ಬರಬೇಕು? ಹದ ಬಂದದ್ದೂ ಕಾಣುವುದಿಲ್ಲ, ಮೀರಿದ್ದೂ ಕಾಣುವುದಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಆಗಿಹೋಗಿರುತ್ತದೆ. ಒಂದು ದಿನ ಹೊರಗೆ ಕಪ್ಪು, ಒಳಗೆ ಹಸಿ. ಇನ್ನೊಂದು ದಿನ ಹೆದರಿ ಬೇಗ ನಿಲ್ಲಿಸಿದೆವು, ಮೀನೆಲ್ಲ ಹೊಗೆ ವಾಸನೆ. ನಾನು ದೊಡ್ಡ ಜಾಣೆಯ ಹಾಗೆ ನಿಮ್ಮ ದನಿಯಲ್ಲೇ ‘ಸಾಕು’ ಎಂದೂ ನೋಡಿದೆ. ದನಿ ಸರಿಯಾಗಿಯೇ ಬಂತು, ಹೊತ್ತು ತಪ್ಪಿತು. ಮೊನ್ನೆ ಉಪ್ಪುಕಮ್ಮಿ ಬಂದರು, ತಿಂದರು, ಕೈ ತೊಳೆದುಕೊಂಡು ‘ಚೆನ್ನಾಗಿದೆಯಮ್ಮಾ’ ಎಂದು ಹೇಳಿ ಹೋದರು. ಅವರು ಚೆನ್ನಾಗಿದೆ ಎಂದರೆ ನಮ್ಮ ಮೇಲೆ ಕನಿಕರ ಬಂದಿದೆ ಎಂದೇ ಅರ್ಥ. ನಿನ್ನೆ ಅವರು ಬರಲೇ ಇಲ್ಲ.

ಸೊಸೆ ಸಂಜೆ ಒಲೆ ಹೊತ್ತಿಸುವಾಗ ಗುಂಡಿಯ ಮೇಲೆ ಕೈಯಿಟ್ಟುಕೊಂಡು ಒಮ್ಮೆ ನಿಮ್ಮ ಸ್ಟೂಲಿನ ಕಡೆ ತಿರುಗಿ ನೋಡುತ್ತಾಳೆ. ಯಾಕೆ ಹಾಗೆ ನೋಡುತ್ತೀಯೆ, ಅಲ್ಲಿ ಯಾರಿದ್ದಾರೆ ಎಂದು ಕೇಳಿದೆ. ‘ಪಾರ್ಲರ್ ಕಿಟಕಿಯಿಂದ ದಿನಾ ನೋಡ್ತಿದ್ದೆ ಅತ್ತೆ. ಮಾವ ಊದೋದನ್ನ ಅಲ್ಲ, ಊದೋದು ನಿಲ್ಲಿಸೋದನ್ನ. ಊದೋಕೆ ಮಷಿನ್ನು ಸಿಕ್ತು. ನಿಲ್ಲಿಸೋಕೆ ಮಾವನೇ ಬೇಕು’ ಎಂದಳು. ಹೇಳಿ ಮತ್ತೆ ಒಲೆಯ ಕಡೆ ತಿರುಗಿಕೊಂಡಳು. ನಾನು ಈರುಳ್ಳಿ ನೆಪ ಮಾಡಿಕೊಂಡು ಕಣ್ಣು ಒರೆಸಿಕೊಂಡೆ. ಇಷ್ಟು ವರ್ಷ ನಿಮ್ಮ ಪಕ್ಕದಲ್ಲೇ ನಿಂತಿದ್ದ ನನಗೆ ಕಾಣದ್ದು ಬೀದಿಯ ಆಚೆ ನಿಂತಿದ್ದ ಅವಳಿಗೆ ಕಂಡಿತಲ್ಲ. ಅವಳ ಕಣ್ಣೂ ದೊಡ್ಡದು, ನಿಮ್ಮ ಕೆಲಸವೂ ದೊಡ್ಡದು. ಇಬ್ಬರಿಗೂ ಮಸಾಲೆ ಅರೆದುಕೊಡುತ್ತೇನೆ ಎನ್ನುವ ಹೆಮ್ಮೆ ನನಗಿರಲಿ.

ಇದನ್ನೆಲ್ಲ ಓದಿ, ನಾನು ಬನ್ನಿ ಬನ್ನಿ ಎಂದು ಗೋಗರೆಯುತ್ತಿದ್ದೇನೆ ಎಂದು ತಿಳಿದು ಬೀಗಬೇಡಿ. ಡಾಕ್ಟರು ಹೇಳುವವರೆಗೆ ನೀವು ಅಲ್ಲಿಂದ ಕದಲಬಾರದು. ನಿಮ್ಮ ಉಸಿರಿಗಿಂತ ನನಗೆ ಯಾವ ಒಲೆಯೂ ಹೆಚ್ಚಲ್ಲ, ಅಂಗಡಿ ಮುಚ್ಚಿದರೂ ಚಿಂತೆಯಿಲ್ಲ. ನಾನು ಹೇಳುವುದು ಇಷ್ಟೇ. ‘ನಾನು ಬಂದು ಮಾಡುವುದೇನಿದೆ’ ಎನ್ನುವ ಮಾತನ್ನು ಇನ್ನೊಮ್ಮೆ ಬರೆದರೆ ನಾನೇ ಬಸ್ಸು ಹತ್ತಿ ಬಂದು ಜಗಳವಾಡುತ್ತೇನೆ, ಅಕ್ಕನ ಎದುರಿಗೇ. ಬೇಜಾರು ನನಗೂ ಆಗಿದೆ ರೀ. ಬೈಯುವುದಕ್ಕೂ ಮನೆಯಲ್ಲಿ ಒಬ್ಬರು ಬೇಕಲ್ಲ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮನ್ನು ಇಷ್ಟು ದಿನ ಸಹಿಸಿಕೊಂಡದ್ದಕ್ಕೆ ಇನ್ನೊಂದು ನಮಸ್ಕಾರ. ಮಗ, ಸೊಸೆ ಇಬ್ಬರೂ ನಿಮ್ಮನ್ನು ಕೇಳಿದ್ದಾರೆ. ಬಿಸಿನೀರು ಕುಡಿಯಿರಿ, ಗಾಳಿಗೆ ಕಿವಿ ಕಟ್ಟಿಕೊಳ್ಳಿ.

ನೀವು ‘ಇವಳೇ’ ಎಂದು ಕರೆಯುವ,
ಇವಳು

ತಾ. ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಸೊಸೆ ಡಾಕ್ಟರ ಹತ್ತಿರದಿಂದ ಓಡೋಡಿ ಬಂದಳು. ನಿಮಗೆ ಆಸೆ ಹುಟ್ಟಿಸಿ ಆಮೇಲೆ ಡಾಕ್ಟರು ಬೇಡ ಎಂದುಬಿಟ್ಟರೆ ಎಂದು ಹೆದರಿ ಈ ವಿಷಯ ಮೇಲೆ ಬರೆದಿರಲಿಲ್ಲ. ಒಲೆಗೂ ನಿಮ್ಮ ಸ್ಟೂಲಿಗೂ ನಡುವೆ ಸೊಸೆ ನೆಲದಿಂದ ಸೂರಿನವರೆಗೆ ಗಾಜು ಹಾಕಿಸಿದ್ದಾಳೆ. ನಿನ್ನೆ ಸಂಜೆ ಡಾಕ್ಟರನ್ನೇ ಕರೆತಂದು, ನಿಮ್ಮ ಸ್ಟೂಲಿನ ಮೇಲೆ ಕೂರಿಸಿ, ಒಲೆ ಹೊತ್ತಿಸಿ ತೋರಿಸಿದಳು. ಅಕ್ಕ ಕಳಿಸಿದ ನಿಮ್ಮ ಎದೆಯ ಪರೀಕ್ಷೆಯ ವರದಿಯನ್ನೂ ನೋಡಿ ಇವತ್ತು ಹೇಳಿದರಂತೆ: ‘ಗಾಜಿನ ಈಚೆ ಕೂರಬಹುದು, ಆಚೆ ಕಾಲಿಡಬಾರದು.’ ಭಾನುವಾರ ಮಗ ವ್ಯಾನು ತರುತ್ತಾನೆ, ಬ್ಯಾಗು ಕಟ್ಟಿಕೊಂಡು ತಯಾರಾಗಿರಿ. ಊದುಗೊಳವೆ ಮರೆಯಬೇಡಿ. ಬ್ಲೋವರಿನ ಸದ್ದಿನಲ್ಲಿ ನೀವು ಗಾಜಿನ ಈಚೆಯಿಂದ ‘ಸಾಕು’ ಎಂದರೆ ಅವಳಿಗೆ ಕೇಳುವುದಿಲ್ಲ, ಕೂಗಿ ಉಸಿರು ಖರ್ಚು ಮಾಡುವುದೂ ಬೇಡ. ಆ ಕೊಳವೆಯಿಂದ ಗಾಜಿಗೆ ತಟ್ಟಿದರೆ ಅವಳು ನಿಲ್ಲಿಸುತ್ತಾಳೆ. ಮೆಲ್ಲಗೆ ತಟ್ಟಿ ರೀ, ಗಾಜು ಹೊಸದು.