ಸೂರಕ್ಕಿಯ ಹಿಂದಿನ ಕಿಟಕಿ

ಜೂನ್ ೧೨, ಗುರುವಾರ. ಖಲೀಫಾ ಸಿಟಿ.

ಸಂಜೆ ಹಿತ್ತಲಲ್ಲಿ ತೂಗುಹಾಕಿದ ಸಕ್ಕರೆ ನೀರಿನ ಬಾಟಲಿಗೆ ಬಂದ ಸೂರಕ್ಕಿಯ ಫೋಟೋ ತೆಗೆಯುತ್ತಿದ್ದೆ. ಪಕ್ಕದ ವಿಲ್ಲಾದ ಅರಬ್ ಯಜಮಾನ ಹಮದ್ ಬಂದು, “ಕ್ಯಾಮೆರಾ ನಮ್ಮ ಕಿಟಕಿಯ ಕಡೆ ಯಾಕೆ?” ಎಂದು ಕೇಳಿದರು. ತೆಗೆದ ಫೋಟೋಗಳನ್ನೆಲ್ಲ ತೋರಿಸಿದೆ. ಒಂದರಲ್ಲಿ ಮಾತ್ರ ಹಕ್ಕಿಯ ಹಿಂದೆ ಅವರ ವಯಸ್ಸಾದ ತಾಯಿ ಕಿಟಕಿಯಲ್ಲಿ ನಗುತ್ತಿದ್ದರು. ಅವರೆದುರೇ ಅದನ್ನು ಅಳಿಸಿದೆ. “ಖಲಾಸ್, ಮುಗಿಯಿತು” ಎಂದು ಹೋದರು.

ಆಫೀಸಿನಿಂದ ಬಂದ ನನ್ನ ಗಂಡ ಇವಾನ್ ವಿಷಯ ಕೇಳಿ ರೇಗಿದರು. “ಈ ದೇಶದಲ್ಲಿ ಕೇಳದೆ ಬೇರೆಯವರ ಫೋಟೋ ತೆಗೆಯುದೇ ಅಪರಾಧ. ಪೊಲೀಸ್ ಕೇಸಾದ್ರೆ ನಮ್ಮ ವೀಸಾದ ಕಥೆ ಎಂತ ಮಾರಾಯ್ತಿ? ಮೊದ್ಲು ಆ ಬಾಟ್ಲಿ ತೆಗಿ.”

ತೆಗೆಯಲು ಹೋದೆ. ಕಿಟಕಿಯಲ್ಲಿ ಆ ಅಜ್ಜಿ ಇದ್ದರು. ನಾನು ಬಾಟಲಿ ಬಿಚ್ಚುವುದನ್ನು ಕಂಡು ಗಾಜಿಗೆ ಅಂಗೈ ಒತ್ತಿ, ಬೇಡ ಬೇಡವೆಂದು ತಲೆಯಾಡಿಸಿದರು. ಹಮದ್ ನೋಡಿಬಿಟ್ಟರೆ ಎಂಬ ಭಯಕ್ಕೆ ತಲೆ ತಗ್ಗಿಸಿ, ಬಾಟಲಿ ಬಿಚ್ಚಿಕೊಂಡು ಒಳಗೆ ಬಂದೆ.

ಬೆಳಿಗ್ಗೆ ಹಕ್ಕಿ ಬರುತ್ತದೆ. ಆ ಅಜ್ಜಿಯೂ ಕಿಟಕಿಗೆ ಬರುತ್ತಾರೆ. ಕ್ಯಾಮೆರಾ ಬೇಡ, ಬಾಟಲಿಯನ್ನಾದರೂ ಇವಾನ್ ಏಳುವ ಮೊದಲೇ ಮತ್ತೆ ತೂಗುಹಾಕಿಬಿಟ್ಟರೆ…