ಕಾಣದ ಸಮುದ್ರಕ್ಕೆ ಅಂಕ ಕೊಟ್ಟವರಿಗೆ

ಮೆಟ್ರಿಕ್ಯುಲೇಷನ್ ಪರೀಕ್ಷೆಯ ಇಂಗ್ಲಿಷ್ ಪ್ರಶ್ನೆಗಳನ್ನು ಸಿದ್ಧಪಡಿಸಿ ಅಂಕ ಹಾಕುವ ಮಾನ್ಯರೇ,

ಕಳೆದ ಸಲ ತಾವು 'ಸಮುದ್ರದ ದಡದಲ್ಲಿ ಒಂದು ಸಂಜೆ' ಎಂಬ ಪ್ರಬಂಧ ಕೇಳಿದಿರಿ. ನಾನು ಇಂಗ್ಲಿಷ್ ಒಂದರಲ್ಲೇ ಫೇಲಾದೆ. ನನ್ನಿಂದಲೇ ವ್ಯಾಕರಣ ಹೇಳಿಸಿಕೊಂಡ ಗೆಳೆಯ ಏಕಾಂತಪ್ಪ ಪಾಸಾದ. ಆಗ ನಮ್ಮಿಬ್ಬರಲ್ಲಿ ಯಾರೂ ಸಮುದ್ರ ಕಂಡವರಲ್ಲ. ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದಾನೆ ಎನ್ನುವಿರಾ? ಹೌದು, ಹೊಟ್ಟೆಕಿಚ್ಚಿನಿಂದಲೇ. ಅಷ್ಟಕ್ಕೆ ಅನ್ಯಾಯವು ನ್ಯಾಯವಾಗಿಬಿಡುವುದೇ?

ಹಿರಿಯೂರು ಸೀಮೆಯ ಹುಡುಗರಿಗೆ ಸಮುದ್ರವನ್ನು ಯಾರು ತೋರಿಸಿದ್ದಾರೆ? ನಾವು ಕಂಡ ದೊಡ್ಡ ನೀರೆಂದರೆ ಸರ್ಕಾರವು ಈಚೆಗೆ ಅಣೆಕಟ್ಟು ಕಟ್ಟಿ ನಿಲ್ಲಿಸಿದ ಮಾರಿಕಣಿವೆಯ ನೀರು. ಕಾಣದ್ದನ್ನು ಕಂಡೆನೆಂದು ಬರೆಯುವುದು ಸುಳ್ಳುಸಾಕ್ಷಿ ಎಂದು ನಾಲ್ಕು ನೀತಿಯ ಕಿರುಪುಸ್ತಕಗಳಲ್ಲಿ ಓದಿ ನಂಬಿಕೊಂಡ ಮೂರ್ಖ ನಾನು. ಆದ್ದರಿಂದ ಅದನ್ನೇ ಬರೆದೆ: ಗುಡ್ಡಗಳ ನಡುವೆ ಅಲುಗದೆ ಮಲಗಿದ ನೀರು, ಅದರಡಿ ಮುಳುಗಿಹೋದ ನಮ್ಮಜ್ಜಿ ಬಸಮ್ಮನ ತವರೂರು, ಆಕೆ ದಡದಲ್ಲಿ ನಿಂತು "ಅಗಾ, ಅಲ್ಲೈತೆ ನಮ್ಮ ಹಿತ್ಲು" ಎಂದು ಬರೀ ನೀರಿನ ಕಡೆ ಬೆರಳು ತೋರಿಸುವುದು.

ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಏಕಾಂತಪ್ಪ ಕೇಳಿದ: "ಏನ್ ಬರ್ದೆಲೇ?"

"ಮಾರಿಕಣಿವೆ."

"ಅಯ್ಯೋ ಮಂಕೇ, ಅದಕ್ಕೆ ಉಪ್ಪಾದ್ರೂ ಹಾಕಿದ್ಯೇನೋ? ಗೈಡ್ನಾಗೆ ಅಲೆ, ಹಡಗು, ಮುಳುಗೋ ಸೂರ್ಯ ಎಲ್ಲಾ ಅವೆ. ಒಂದಕ್ಷರ ಬಿಡ್ದಂಗೆ ಇಳಿಸ್ಬಿಟ್ಟೆ."

ಹಾಗೆ ಇಳಿಸಿದವನು ಈಗ ಬೆಂಗಳೂರಿನ ಕಾಲೇಜಿನಲ್ಲಿದ್ದಾನೆ. ರಜಕ್ಕೆ ಬಂದರೆ ಬೀದಿಯ ತುದಿಯಿಂದಲೇ ಅವನ ಬೂಟಿನ ಸದ್ದು ಕೇಳುತ್ತದೆ. ನಮ್ಮ ತಾಯಿ ಅವನಿಗೆ ಮಣೆ ಹಾಕಿ ತುಪ್ಪ ಬಡಿಸುವಾಗ ನನ್ನ ಮುಖ ನೋಡುವುದಿಲ್ಲ. ಹತ್ತಿ ವ್ಯಾಪಾರದ ನಮ್ಮ ತಂದೆ ಹೇಳಿಬಿಟ್ಟಿದ್ದಾರೆ: "ಇನ್ನೊಂದ್ಸಲ ಪರೀಕ್ಷೆಗೆ ಕಟ್ಟು. ಅದೂ ಹೋತು ಅಂದ್ರೆ ಅಂಗ್ಡಿಗೆ ಬಂದು ಕುಂತ್ಕಳಪ್ಪ." ಏಕಾಂತಪ್ಪನಾದರೋ ಮಹಾ ಉದಾರಿ, ತನ್ನ ಗೈಡನ್ನೇ ತಂದುಕೊಟ್ಟ. ಅದನ್ನು ಉರು ಹೊಡೆದು ತಮ್ಮನ್ನು ಮೆಚ್ಚಿಸಲೋ, ಪರೀಕ್ಷೆಯ ಆಸೆಯನ್ನೇ ಬಿಟ್ಟು ಹತ್ತಿ ತೂಗಲೋ ತಿಳಿಯದೆ ಇಷ್ಟು ದಿನ ಒದ್ದಾಡಿದೆ.

ಮೊನ್ನೆ ಚಂದ್ರವಳ್ಳಿಯ ಬಂಡೆಯ ಮೇಲೆ ಕೂತಿದ್ದಾಗ ಅವನೆಂದ: "ಮದ್ರಾಸಿಗೆ ಹೋಗಿದ್ದೆ ಕಣಲೇ. ಸಮುದ್ರ ನೋಡ್ದೆ."

"ಗೈಡ್ನಾಗಿದ್ದಂಗೇ ಐತಾ?" ಎಂದು ಚುಚ್ಚಿದೆ.

ಅವನು ನಗಲಿಲ್ಲ. "ಗೈಡು ನೆಪ್ಪೇ ಆಗ್ಲಿಲ್ಲ ಕಣೋ. ಆ ನೀರ್ ಮುಂದೆ ನಿಂತಾಗ ನಿಮ್ಮಜ್ಜಿ ನೆಪ್ಪಾದ್ರು."

ಮಾನ್ಯರೇ, ಅವನ ಪಾಸು, ಬೂಟು, ತುಪ್ಪ, ಎಲ್ಲವನ್ನೂ ಕ್ಷಮಿಸಬಲ್ಲೆ. ಆದರೆ ಸುಳ್ಳು ಬರೆದವನಿಗೆ ಕಡೆಗೆ ನಿಜವಾದ ಸಮುದ್ರವೂ ಸಿಕ್ಕಿತು. ಅದರೆದುರು ನಿಂತಾಗ ನೆನೆಯಲು ನನ್ನ ಅಜ್ಜಿಯೂ ಸಿಕ್ಕಳು. ನನಗೇನು ಉಳಿಸಿದಿರಿ?

ಆದ್ದರಿಂದ ಮತ್ತೆ ಪರೀಕ್ಷೆಗೆ ಕೂರುತ್ತೇನೆ. ಗೈಡನ್ನು ಹಿಂದಿರುಗಿಸಿದ್ದೇನೆ. ನನ್ನ ಒತ್ತಾಯ ಇಷ್ಟೇ: ಹುಡುಗರು ಕಂಡದ್ದನ್ನು ಕೇಳಿ. ಸಮುದ್ರವೇ ಬೇಕೆಂದು ಹಟವಿದ್ದರೆ, ಮೊದಲು ಮಾರಿಕಣಿವೆಗೆ ಬಂದು ನಮ್ಮಜ್ಜಿಯ ಪಕ್ಕದಲ್ಲಿ ನಿಂತು, ಆಕೆ ತೋರಿಸುವ ಹಿತ್ತಲನ್ನು ನೋಡಿ, ಆಮೇಲೆ ಸೊನ್ನೆ ಹಾಕಿ. ಏಕೆಂದರೆ ತಾವು ಏನನ್ನೇ ಕೇಳಿದರೂ ನಾನು ಬರೆಯುವುದು ಅದನ್ನೇ. ಅಂಗಡಿಯಲ್ಲಿ ನನ್ನ ಜಾಗವನ್ನು ಆಗಲೇ ಗುಡಿಸಿಟ್ಟಿದ್ದಾರೆ.

ಇಂತಿ,
ಉಪ್ಪಿಲ್ಲದ ನೀರಿನ ದಡದಿಂದ,
ತಾವು ಒಮ್ಮೆ ಫೇಲು ಮಾಡಿದ, ಇನ್ನೊಮ್ಮೆ ಮಾಡಬಹುದಾದ ವಿದ್ಯಾರ್ಥಿ